ಸೊಲ್ಲಾಪುರದಲ್ಲಿ ನಿಮ್ಮ ಕಾಲನಿಯ ಇತಿಹಾಸ ಹುಡುಕಿ ಬರೆಯುವುದು ಹೇಗೆ

ಸೊಸೈಟಿಗೆ ಇಪ್ಪತ್ತೈದೋ ಐವತ್ತೋ ವರ್ಷ ತುಂಬಿದಾಗ ಒಂದು ಸ್ಮರಣಿಕೆ ಬರುತ್ತದೆ. ಬಣ್ಣದ ಮುಖಪುಟ, ಗಣಪತಿ ಚಿತ್ರ, ನಗರಸೇವಕರ ಫೋಟೊ, ಎಂಟ್ಹತ್ತು ಜಾಹೀರಾತು, ನಡುವೆ ಒಂದೂವರೆ ಪುಟ ‘ನಮ್ಮ ನಗರದ ಇತಿಹಾಸ’. ಆ ಒಂದೂವರೆ ಪುಟದಲ್ಲಿ ಅಡಿಗಲ್ಲು ಹಾಕಿದ ಮಂತ್ರಿಗಳು ಇರುತ್ತಾರೆ, ಕಾಯಿ ಒಡೆದ ಅಧ್ಯಕ್ಷರು ಇರುತ್ತಾರೆ. ಜಮೀನು ಯಾರದ್ದಿತ್ತು, ಅಲ್ಲಿ ಏನು ಬೆಳೆಯುತ್ತಿದ್ದರು, ನಲ್ಲಿ ನೀರು ಯಾವ ವರ್ಷ ಬಂತು, ಮೊದಲ ಹತ್ತು ಮನೆಯವರು ಯಾವ ಊರಿಂದ ಗಂಟು ಕಟ್ಟಿಕೊಂಡು ಬಂದರು, ಇದ್ಯಾವುದೂ ಇರುವುದಿಲ್ಲ.

ನಾನು ಹೇಳುವುದು ಇಷ್ಟೇ. ಕಾಲನಿಯ ಇತಿಹಾಸವನ್ನು ಉದ್ಘಾಟನೆಯ ಕಲ್ಲಿನಿಂದ ಶುರು ಮಾಡಬೇಡಿ. ಜಮೀನಿನ ನಂಬರಿನಿಂದ ಶುರು ಮಾಡಿ, ನೀರಿಗೆ ಬನ್ನಿ, ಆಮೇಲೆ ಮನುಷ್ಯರ ಹತ್ತಿರ ಹೋಗಿ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಕೊನೆಗೆ ನೋಡಿದರಾಯಿತು.

ಸೊಲ್ಲಾಪುರ, ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ಕಡೆಯ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾಗದಪತ್ರ ಎಲ್ಲ ಮರಾಠಿಯಲ್ಲಿದೆ. ಮನೆಯ ಮಾತು ಕನ್ನಡದಲ್ಲಿ, ಪಕ್ಕದ ಮನೆಯ ಮಾತು ತೆಲುಗಿನಲ್ಲಿ. ಹಾಗಾಗಿ ಬರೀ ಕಚೇರಿ ಸುತ್ತಿದರೂ ಅರ್ಧ ಕಥೆ, ಬರೀ ಕಟ್ಟೆಯ ಮೇಲೆ ಕೂತು ಕೇಳಿದರೂ ಅರ್ಧ ಕಥೆ.

ಮೊದಲು ನಿಮ್ಮದು ಯಾವ ತರಹದ ವಸತಿ ಅಂತ ಗೊತ್ತು ಮಾಡಿಕೊಳ್ಳಿ

ಯಾಕೆಂದರೆ ಕಾಗದ ಎಲ್ಲಿದೆ ಅನ್ನುವುದು ಅದರ ಮೇಲೆ ನಿಂತಿದೆ.

ಮಂಗಳವಾರ ಪೇಠ, ಶುಕ್ರವಾರ ಪೇಠ ಇಂಥ ಹಳೆಯ ಪೇಠಗಳನ್ನು ಇಲ್ಲಿ ಬಿಟ್ಟುಬಿಡೋಣ, ಅವು ಬೇರೆಯೇ ಲೋಕ. ಮಾಪು ಹಿಡಿದು, ಸಾಲು ಹಾಕಿ, ಪ್ಲಾಟು ಕೊಯ್ದು ಮಾಡಿದ ವಸತಿಗಳ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಅದರ ಕಥೆ ಗಿರಣಿಗಳ ಜೊತೆಗೆ ಶುರುವಾಗುತ್ತದೆ. 1860ರಲ್ಲಿ ರೈಲು ಬಂತು. 1877ರಲ್ಲಿ ಜೂನಿ ಮಿಲ್ಲು ಅಂತ ನಾವೀಗ ಕರೆಯುವ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಲು ಬಂತು. ಅದನ್ನು ಕಟ್ಟಿದ ಮುರಾರ್ಜಿ ಗೋಕುಲದಾಸರ ಹೆಸರೇ ಮುರಾರ್ಜಿ ಪೇಠಕ್ಕೆ ಇರುವುದು. ಗಿರಣಿ ಬಂದ ಮೇಲೆ ಕಾಮಗಾರರಿಗೆ ಚಾಳು ಬೇಕಾಯಿತು. ನಿಮ್ಮದು ಚಾಳಿನ ಜಾಗವಾದರೆ ಮಾಲೀಕರು ಗಿರಣಿಯವರೇ ಆಗಿರುವ ಸಾಧ್ಯತೆ ಜಾಸ್ತಿ, ಕಾಗದವೂ ಗಿರಣಿಯ ಹೆಸರಲ್ಲೇ ಸಿಗುತ್ತದೆ. ಗಿರಣಿ ಮುಚ್ಚಿದ್ದರೆ ಆ ಜಾಗದ ಮೇಲೆ ಕೋರ್ಟು ಕಟ್ಲೆ ಆಗಿದೆಯೇ ಅಂತಲೂ ಕೇಳಿ ನೋಡಿ. ಕೋರ್ಟಿಗೆ ಹೋದ ಜಮೀನಿನ ಇತಿಹಾಸವನ್ನು ಎರಡೂ ಕಡೆಯ ವಕೀಲರು ಆಗಲೇ ಬರೆದಿಟ್ಟಿರುತ್ತಾರೆ, ನಿಮಗೆ ಅರ್ಧ ಕೆಲಸ ಉಳಿಯುತ್ತದೆ.

ಸರ್ಕಾರ ಕಟ್ಟಿಸಿದ ಕಾಲನಿಯಾದರೆ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ಗೃಹನಿರ್ಮಾಣ ಪ್ರಾಧಿಕಾರ. ಅದು ಹುಟ್ಟಿದ್ದು 1977ರಲ್ಲಿ. ಅದಕ್ಕಿಂತ ಹಳೆಯದಾದರೆ ಹೌಸಿಂಗ್ ಬೋರ್ಡಿನ ಕಾಲದ್ದು. 1952ರಲ್ಲಿ ಕೇಂದ್ರ ಸರ್ಕಾರ ಕೈಗಾರಿಕಾ ಕಾಮಗಾರರ ಮನೆಗಳಿಗೆ ಸಹಾಯಧನದ ಯೋಜನೆ ತಂದಿತ್ತು, ಆ ಕಾಲದ ಸಾಲುಮನೆಗಳು ಬಹಳ ಊರುಗಳಲ್ಲಿವೆ. ಸೊಲ್ಲಾಪುರ ಮ್ಹಾಡಾದ ಪುಣೆ ಮಂಡಳಕ್ಕೆ ಸೇರುತ್ತದೆ, ಆದ್ದರಿಂದ ಮೂಲ ಫೈಲು ಪುಣೆಯಲ್ಲಿರಬಹುದು. ಇಲ್ಲಿ ಕೇಳಿ ‘ಇಲ್ಲ’ ಅಂದರು ಅಂತ ಕೈಬಿಡಬೇಡಿ.

ಹೌಸಿಂಗ್ ಸೊಸೈಟಿಯಾದರೆ ಸಹಕಾರ ಇಲಾಖೆ. ಖಾಸಗಿ ಲೇಔಟಾದರೆ ಕಲೆಕ್ಟರ ಕಚೇರಿಯ ಎನ್.ಎ. ಆದೇಶ, ಅಂದರೆ ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಲು ಕೊಟ್ಟ ಪರವಾನಗಿ. ವಿಳಾಸದಲ್ಲಿ ಟಿ.ಪಿ., ಎಫ್.ಪಿ. ಅನ್ನುವ ಅಕ್ಷರಗಳಿದ್ದರೆ ಅದು ಟೌನ್ ಪ್ಲಾನಿಂಗ್ ಸ್ಕೀಮಿನ ಜಾಗ. ಮುಂಬಯಿ ಪ್ರಾಂತ್ಯದ 1915ರ ಕಾಯಿದೆಯಿಂದ ಶುರುವಾದ ಪದ್ಧತಿ ಇದು. ಅಡ್ಡಾದಿಡ್ಡಿ ಹೊಲಗಳನ್ನು ಒಟ್ಟು ಮಾಡಿ, ರಸ್ತೆಗೆ ಜಾಗ ಬಿಡಿಸಿಕೊಂಡು, ಉಳಿದದ್ದನ್ನು ಚೌಕಾಕಾರ ಮಾಡಿ ಆಯಾ ಮಾಲೀಕರಿಗೇ ತಿರುಗಿ ಕೊಡುತ್ತಿದ್ದರು. ಸ್ಕೀಮಿನ ಪುಸ್ತಕದಲ್ಲಿ ಮೊದಲಿನ ಪ್ಲಾಟು ಒಂದು ಕಡೆ, ಕೊನೆಯ ಪ್ಲಾಟು ಇನ್ನೊಂದು ಕಡೆ ಇರುತ್ತದೆ. ಯಾರ ಜಾಗ ಎಷ್ಟು ಹೋಯಿತು ಅಂತ ಅದರಲ್ಲಿ ಲೆಕ್ಕ ಸಿಗುತ್ತದೆ.

ಇನ್ನು ನಮ್ಮ ಊರಿನದ್ದೇ ಆದ ಎರಡು ತರಹ ಇವೆ. ಒಂದು ಸೆಟ್ಲ್‌ಮೆಂಟ್. ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಕೆಳಗೆ ಕೆಲವು ಜಾತಿಗಳ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದು, ತಂತಿಬೇಲಿ ಒಳಗಿಟ್ಟು, ದಿನಾ ಹಾಜರಿ ತೆಗೆದುಕೊಂಡು, ಗಿರಣಿ ಕೆಲಸಕ್ಕೆ ಕಳಿಸಿದ ಜಾಗ. ಇದೂ ನಕ್ಷೆ ಹಾಕಿ ಕಟ್ಟಿದ ವಸತಿಯೇ ಅಲ್ವಾ? ಆದರೆ ಯೋಜಿತ ವಸತಿ ಅಂದರೆ ಬಂಗಲೆ, ತೋಟ ಅಂದುಕೊಂಡವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1952ರ ಆಗಸ್ಟ್ 31ರಂದು ಆ ಕಾಯಿದೆ ಇಡೀ ದೇಶದಲ್ಲಿ ರದ್ದಾಯಿತು. ಆ ದಿನವನ್ನು ಈಗಲೂ ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಅಲ್ಲಿಯ ಇತಿಹಾಸ ಬರೆಯುವವರು ಮುಂಬಯಿ ಪ್ರಾಂತ್ಯದ ಹಿಂದುಳಿದ ವರ್ಗಗಳ ಇಲಾಖೆಯ ವಾರ್ಷಿಕ ವರದಿಗಳನ್ನು ಹುಡುಕಬೇಕು. ಓದುವಾಗ ಒಂದು ಎಚ್ಚರ ಇರಲಿ. ಬರೆದವರು ಅಧಿಕಾರಿಗಳು, ಎಲ್ಲ ವರದಿಯಲ್ಲೂ ಜನ ‘ಸುಧಾರಿಸುತ್ತಾ’ ಇರುತ್ತಾರೆ.

ಇನ್ನೊಂದು ಬೀಡಿ ಕಾಮಗಾರರ ಘರ್ಕುಲ. ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಕಟ್ಟಿದ 10,000 ಮನೆಗಳ ಗೋದೂತಾಯಿ ಪರುಳೇಕರ ವಸತಿ ನಿಮಗೆ ಗೊತ್ತಿರುವುದೇ. ಕಾಮ್ರೇಡ್ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಮೋರ್ಚಾ ನಡೆದು, 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಮನೆ ಹಸ್ತಾಂತರ ಮಾಡಿದರು. ಆಮೇಲೆ ಅದೇ ದಾರಿಯಲ್ಲಿ 30,000 ಮನೆಗಳ ರೇನಗರ ಯೋಜನೆ ಬಂತು. 2019ರ ಜನವರಿಯಲ್ಲಿ ಪ್ರಧಾನಿ ಮೋದಿ ಅಡಿಗಲ್ಲು ಹಾಕಿದರು, 2024ರ ಜನವರಿಯಲ್ಲಿ ಅವರೇ ಬಂದು ಮೊದಲ 15,000 ಮನೆ ಕೊಟ್ಟರು. ಇಷ್ಟು ದೊಡ್ಡ ವಸತಿಗಳು, ಇಷ್ಟು ಹತ್ತಿರದ ಕಾಲದವು. ಆದರೂ ಅಲ್ಲಿಯ ಹೆಂಗಸರ ಬಾಯಿಂದ ಕೇಳಿ ಬರೆದ ಪುಟಗಳು ಎಷ್ಟಿವೆ? ನೀವು ಅಲ್ಲಿಯವರಾದರೆ ಈಗಲೇ ಶುರು ಮಾಡಿ. ಮೋರ್ಚಾಕ್ಕೆ ಹೋದ ಅವ್ವಂದಿರು ಇನ್ನೂ ಇದ್ದಾರೆ.

ನಂಬರ್ ಹಿಡಿಯಿರಿ

ಟ್ಯಾಕ್ಸ್ ಪಾವತಿ, ಖರೇದಿ ಪತ್ರ, ಸೊಸೈಟಿಯ ಷೇರು ಸರ್ಟಿಫಿಕೇಟು, ಇದರಲ್ಲಿ ಯಾವುದರಲ್ಲಾದರೂ ಗಟ್ ನಂಬರೋ ಸರ್ವೆ ನಂಬರೋ ಸಿಟಿ ಸರ್ವೆ ನಂಬರೋ ಇದ್ದೇ ಇರುತ್ತದೆ. ಅದನ್ನು ಬರೆದುಕೊಳ್ಳಿ. ಜೊತೆಗೆ ಯಾವ ಮೌಜೆ, ಅಂದರೆ ಕಂದಾಯ ದಾಖಲೆಯಲ್ಲಿ ಯಾವ ಹಳ್ಳಿ, ಅಂತಲೂ ಬರೆದುಕೊಳ್ಳಿ. ಇದು ಬಹಳ ಮುಖ್ಯ. ನಿಮ್ಮ ಕಾಲನಿ ಜುಳೆ ಸೊಲ್ಲಾಪುರ ಅಂತ ಬಸ್ಸಿನ ಮೇಲೆ ಬರೆದಿದ್ದರೂ ಕಾಗದದಲ್ಲಿ ಅದು ಮಜರೇವಾಡಿ ಆಗಿರಬಹುದು.

ಇದಕ್ಕೆ ಕಾರಣ ಹದ್ದವಾಢ, ಅಂದರೆ ನಗರದ ಗಡಿ ವಿಸ್ತರಣೆ. 1964ರಲ್ಲಿ ಸೊಲ್ಲಾಪುರ ನಗರಪಾಲಿಕೆ ಮಹಾನಗರಪಾಲಿಕೆ ಆಯಿತು. 1992ರಲ್ಲಿ ಹದ್ದು ಬೆಳೆಸಿ ಸುತ್ತಲಿನ ಹಳ್ಳಿಗಳನ್ನು ಒಳಗೆ ತೆಗೆದುಕೊಂಡರು. ಮಜರೇವಾಡಿ, ಸೋರೆಗಾಂವ, ಶೆಳಗಿ, ಬಾಳೆ, ದೇಗಾಂವ, ಕುಮಠೆ ಎಲ್ಲ ಆಗಲೇ ಬಂದದ್ದು. ಹಾಗಾಗಿ ನಿಮ್ಮ ಮನೆ ಹದ್ದವಾಢ ಭಾಗದಲ್ಲಿದ್ದು 1992ಕ್ಕಿಂತ ಮೊದಲಿನದಾದರೆ ಮಹಾನಗರಪಾಲಿಕೆಯಲ್ಲಿ ನಿಮ್ಮ ಮೊದಲ ಕಾಗದ ಹುಡುಕಿ ಉಪಯೋಗವಿಲ್ಲ. ಆಗ ಅದು ಗ್ರಾಮಪಂಚಾಯತ. ಪಂಚಾಯತಿಯ ನಮೂನಾ 8 ಅನ್ನುವ ಪುಸ್ತಕದಲ್ಲಿ ಮನೆಗಳ ಪಟ್ಟಿ ಇರುತ್ತಿತ್ತು, ಮಾಲೀಕರ ಹೆಸರು, ಮಣ್ಣಿನ ಮನೆಯೋ ಪಕ್ಕಾ ಮನೆಯೋ, ಕರ ಎಷ್ಟು. ಹಳ್ಳಿ ಹದ್ದಿನೊಳಗೆ ಬಂದಾಗ ಆ ದಫ್ತರ ಎಲ್ಲಿಗೆ ಹೋಯಿತು ಅಂತ ಝೋನ್ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ವಯಸ್ಸಾದ ಒಬ್ಬ ಕ್ಲಾರ್ಕ್ ಕಾಕಾ ಇದ್ದರೆ ಅವರ ಹತ್ತಿರವೇ ಹೋಗಿ, ಹೊಸ ಹುಡುಗರಿಗೆ ಕಂಪ್ಯೂಟರಿನಲ್ಲಿ ಇರುವುದು ಮಾತ್ರ ಗೊತ್ತು.

ಕುಂಭಾರಿ ಈಗಲೂ ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿ. ಅಲ್ಲಿಯವರು ತಹಶೀಲ್ ಕಚೇರಿಯ ದಾರಿ ಹಿಡಿಯಬೇಕು. ಅಕ್ಕಲಕೋಟೆಯವರಿಗೆ ಇನ್ನೊಂದು ತಿರುವು ಇದೆ, 1948ರವರೆಗೆ ಅದು ಸಂಸ್ಥಾನ. ಅದಕ್ಕಿಂತ ಹಿಂದಿನ ಕಾಗದ ಸಂಸ್ಥಾನದ ದಫ್ತರದ್ದು.

ಸಾತ್‌ಬಾರಾ ಓದುವುದನ್ನು ಕಲಿಯಿರಿ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದು. ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಸಾತ್‌ಬಾರಾ ಅಂದರೆ ನಮೂನಾ 7 ಮತ್ತು ನಮೂನಾ 12 ಸೇರಿದ, ಜಮೀನಿನ ದಾಖಲೆಯ ಒಂದು ಉತಾರಾ (ನಮ್ಮ ಪಹಣಿ ಇದ್ದ ಹಾಗೆ). ಮೇಲಿನ ಏಳರಲ್ಲಿ ಯಾರ ಜಮೀನು, ಎಷ್ಟು ಕ್ಷೇತ್ರ, ಯಾರ ಬೋಜಾ (ಸಾಲದ ಹೊರೆ) ಇದೆ ಅಂತ ಇರುತ್ತದೆ. ಕೆಳಗಿನ ಹನ್ನೆರಡರಲ್ಲಿ ವರ್ಷವರ್ಷದ ಬೆಳೆ. ಈಗಿನದು ಮೊಬೈಲಿನಲ್ಲೇ ಸಿಗುತ್ತದೆ, ಮಹಾಭೂಲೇಖದಲ್ಲಿ ನೋಡಬಹುದು. ಅದರಿಂದ ಇತಿಹಾಸ ಆಗುವುದಿಲ್ಲ. ನಿಮಗೆ ಬೇಕಾದದ್ದು ಕೈಬರಹದ ಹಳೆಯ ಉತಾರಾ. ಅದು ಹಳ್ಳಿಯ ಜಮೀನಿನ ಲೆಕ್ಕ ಇಡುವ ತಲಾಠಿ ಹತ್ತಿರ ಇರುತ್ತದೆ, ಇನ್ನೂ ಹಳೆಯದು ತಹಶೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ. (ತಲಾಠಿ ಹುದ್ದೆಗೆ ಈಗ ಗ್ರಾಮ ಮಹಸೂಲ್ ಅಧಿಕಾರಿ ಅಂತ ಹೆಸರು ಬದಲಾಗಿದೆ, ಆದರೆ ಹಾಗೆ ಕರೆದರೆ ಯಾರೂ ತಿರುಗಿ ನೋಡುವುದಿಲ್ಲ.)

ಕೈಬರಹದ ಉತಾರಾ ಸಿಕ್ಕ ತಕ್ಷಣ ಹನ್ನೆರಡರ ಭಾಗ ನೋಡಿ. ಜೋಳ, ಜೋಳ, ತೊಗರಿ, ಜೋಳ ಅಂತ ವರ್ಷವಾರು ಬರೆದಿರುತ್ತದೆ. ಒಂದು ವರ್ಷದಿಂದ ‘ಪಡ’ ಅಂತ ಶುರುವಾಗುತ್ತದೆ, ಅಂದರೆ ಬೀಳುಭೂಮಿ. ಅಲ್ಲಿಂದ ಎನ್.ಎ. ಆಗುವವರೆಗಿನ ವರ್ಷಗಳನ್ನು ಎಣಿಸಿ. ಜಮೀನು ಕೊಂಡವರು ಮನೆ ಕಟ್ಟಿಸುವವರೆಗೆ ಎಷ್ಟು ದಿನ ಕಾಯ್ದರು, ರೇಟು ಏರಲಿ ಅಂತ ಸುಮ್ನೆ ಇಟ್ಟುಕೊಂಡಿದ್ದರೋ ಅಥವಾ ಪರವಾನಗಿ ಸಿಗದೆ ಒದ್ದಾಡಿದರೋ ಅನ್ನುವ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಉತ್ತರ ಮುದುಕರ ಹತ್ತಿರ ಸಿಗುತ್ತದೆ.

ಆಮೇಲೆ ಏಳರ ಭಾಗದಲ್ಲಿ ಹೆಸರುಗಳ ಪಕ್ಕ ವರ್ತುಲದೊಳಗೆ ಬರೆದ ನಂಬರುಗಳನ್ನು ನೋಡಿ. ಅವು ಫೇರ್‌ಫಾರ್ ನಂಬರುಗಳು, ಅಂದರೆ ಹಕ್ಕು ಬದಲಾವಣೆಯ ನೋಂದಣಿಗಳು. ಹೆಸರು ಯಾಕೆ ಬದಲಾಯಿತು ಅನ್ನುವುದನ್ನು ನಮೂನಾ 6ರಲ್ಲಿ ಆ ನಂಬರಿನ ಮುಂದೆ ಬರೆದಿರುತ್ತಾರೆ. ಅಪ್ಪ ಸತ್ತು ಮಕ್ಕಳಿಗೆ ವಾರಸಾ ಬಂತು, ಸಾಲಕ್ಕೆ ಗಹಾಣ (ಒತ್ತೆ) ಬಿತ್ತು, ಖರೇದಿ ಆಯಿತು, ಸರ್ಕಾರ ತೆಗೆದುಕೊಂಡಿತು. ಒಂದು ನಂಬರ್ ತೆಗೆದರೆ ಅದರಲ್ಲಿ ಹಿಂದಿನ ನಂಬರ್ ಇರುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗಿ. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕಿನ ದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ, ಆದ್ದರಿಂದ ಅದೃಷ್ಟ ಇದ್ದರೆ ನೂರು ವರ್ಷ ಹಿಂದಕ್ಕೆ ಹೋಗಬಹುದು. ಕೆಳಗಿನ ಮೆಟ್ಟಿಲುಗಳಲ್ಲಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿ ಎದುರಾಗುತ್ತದೆ. ಹೆದರಬೇಡಿ, ದುಡ್ಡು ತೆಗೆದುಕೊಂಡು ಓದಿಕೊಡುವ ಮೋಡಿ ಬಲ್ಲವರು ಇದ್ದಾರೆ. ಆದರೆ ಅವರು ಬರೆದುಕೊಟ್ಟ ಮರಾಠಿಯ ಜೊತೆ ಮೂಲದ ನಕಲನ್ನೂ ಇಟ್ಟುಕೊಳ್ಳಿ.

ನಡುವೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಹಳೆಯ ಸರ್ವೆ ನಂಬರ್ ಮಾಯವಾಗಿ ಗಟ್ ನಂಬರ್ ಬಂದಿರುತ್ತದೆ. 1947ರ ತುಕಡೆಬಂದಿ ಮತ್ತು ಏಕತ್ರೀಕರಣ ಕಾಯಿದೆಯ ಕೆಳಗೆ ಒಂದೊಂದೇ ಹಳ್ಳಿಯ ತುಂಡು ಹೊಲಗಳನ್ನು ಒಟ್ಟು ಮಾಡಿ ಹೊಸ ನಂಬರ್ ಕೊಟ್ಟರು. ಯಾವ ಸರ್ವೆ ನಂಬರ್ ಯಾವ ಗಟ್ ಆಯಿತು ಅನ್ನುವ ತಖ್ತೆ ಭೂಮಿ ಅಭಿಲೇಖ ಕಚೇರಿಯಲ್ಲಿ ಸಿಗುತ್ತದೆ, ನಾವು ಮೋಜಣಿ ಆಫೀಸು ಅನ್ನುತ್ತೇವಲ್ಲ, ಅಲ್ಲಿ. ಅದಿಲ್ಲದೆ ಹಿಂದಕ್ಕೆ ಹೋದರೆ ಬೇರೆಯವರ ಹೊಲದ ಇತಿಹಾಸ ಬರೆದುಬಿಡುತ್ತೀರಿ.

ಫೇರ್‌ಫಾರ್‌ನಲ್ಲಿ ಕೆಲವು ಶಬ್ದ ಕಂಡರೆ ಅಲ್ಲಿ ನಿಂತು ನೋಡಿ. ‘ಕೂಳ’ ಅಂತ ಇದ್ದರೆ ಅದು ಗೇಣಿದಾರರ ಕಥೆ. 1948ರ ಕೂಳ ಕಾಯಿದೆಯ ಪ್ರಕಾರ 1957ರ ಏಪ್ರಿಲ್ 1ರಂದು ಉಳುವವರು ಮಾಲೀಕರಾದರು ಅಂತ ಲೆಕ್ಕ. ಹಾಗೆ ಬಂದ ಹೊಲವನ್ನು ಸರ್ಕಾರದ ಪರವಾನಗಿ ಇಲ್ಲದೆ ಮಾರುವಂತಿರಲಿಲ್ಲ. ‘ವತನ’ ಅಥವಾ ‘ಇನಾಂ’ ಅಂತ ಇದ್ದರೆ ಹಳ್ಳಿಯ ಸೇವೆ ಮಾಡುತ್ತಿದ್ದವರ ಹೊಲ, ಅದು ಮಹಾರ ವತನವೂ ಆಗಿರಬಹುದು. ‘ವರ್ಗ 2’ ಅಂತ ಇದ್ದರೂ ಮಾರಾಟಕ್ಕೆ ನಿರ್ಬಂಧ ಇತ್ತು ಅಂತ ಅರ್ಥ. ಇಂಥ ಹೊಲದ ಮೇಲೆ ಈಗ ನಿಮ್ಮ ಮೂರು ಮಹಡಿ ಮನೆ ನಿಂತಿದ್ದರೆ ಅದು ಹೇಗಾಯಿತು, ಮೂಲದವರಿಗೆ ಎಷ್ಟು ಸಿಕ್ಕಿತು ಅಂತ ಕೇಳಲೇಬೇಕು. ಯಾರನ್ನೋ ಕಟಕಟೆಗೆ ನಿಲ್ಲಿಸಲಿಕ್ಕೆ ಕೇಳುವುದಲ್ಲ. ಕಾಲನಿಯ ಮೊದಲ ಅಧ್ಯಾಯ ಅದೇ ಆದ್ದರಿಂದ ಕೇಳುವುದು.

‘ಯು.ಎಲ್.ಸಿ.’ ಅಂತಲೂ ಸಿಗಬಹುದು. 1976ರ ನಗರ ಭೂಮಿತಿ ಕಾಯಿದೆ ಸೊಲ್ಲಾಪುರಕ್ಕೂ ಇತ್ತು. ಮಿತಿಗಿಂತ ಜಾಸ್ತಿ ಜಾಗ ಇದ್ದವರು ಬಡವರಿಗೆ ಮನೆ ಕಟ್ಟಿಕೊಡುತ್ತೇವೆ ಅಂತ ಬರೆದುಕೊಟ್ಟು ಜಾಗ ಉಳಿಸಿಕೊಳ್ಳಬಹುದಿತ್ತು. ನಿಮ್ಮ ಕಾಲನಿಯಲ್ಲಿ ಒಂದೇ ಅಳತೆಯ ಸಣ್ಣ ಸಣ್ಣ ಮನೆಗಳ ಸಾಲು ಯಾಕಿದೆ ಅಂತ ತಲೆ ಕೆರೆದುಕೊಂಡಿದ್ದರೆ ಉತ್ತರ ಅಲ್ಲಿರಬಹುದು. ಮಹಾರಾಷ್ಟ್ರದಲ್ಲಿ ಆ ಕಾಯಿದೆ ಹೋದದ್ದು 2007ರ ಕೊನೆಗೆ.

ಹಳೆಯ ನಗರದ ಹದ್ದಿನಲ್ಲಿದ್ದವರಿಗೆ ಸಾತ್‌ಬಾರಾ ಬದಲು ಪ್ರಾಪರ್ಟಿ ಕಾರ್ಡು. ಅವರು ಸಿಟಿ ಸರ್ವೆ ಕಚೇರಿಯಲ್ಲಿ ಚೌಕಶಿ ನೋಂದವಹಿ ಕೇಳಬೇಕು. ಮೊದಲ ಸಲ ಅಳತೆಗೆ ಬಂದಾಗ ಯಾರು ಏನು ಹೇಳಿದರು, ಯಾವ ಆಧಾರ ತೋರಿಸಿದರು ಅಂತ ಅದರಲ್ಲಿದೆ.

ನಕ್ಷೆ ಹಿಡಿದು ನಡೆಯಿರಿ

ಎನ್.ಎ. ಆದೇಶ ಮತ್ತು ಅದರ ಜೊತೆಯ ಮಂಜೂರಾದ ಲೇಔಟ್ ನಕ್ಷೆ ತೆಗೆಸಿ. ಸುಲಭವಾಗಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪು, ಮೂವತ್ತು ದಿನದ ಗಡುವು. ಆದರೆ ‘ನಮ್ಮ ಕಾಲನಿಯ ಎಲ್ಲ ಮಾಹಿತಿ ಕೊಡಿ’ ಅಂತ ಬರೆದರೆ ಏನೂ ಬರುವುದಿಲ್ಲ. ಮೌಜೆ, ಗಟ್ ನಂಬರ್, ಸುಮಾರು ಯಾವ ವರ್ಷ, ಯಾವ ಕಾಗದ, ಇಷ್ಟನ್ನು ಬಿಡಿಸಿ ಬರೆಯಿರಿ. ಫೇರ್‌ಫಾರ್ ನಕಲನ್ನು ಇದಕ್ಕಿಂತ ಮೊದಲೇ ತೆಗೆಯಿರಿ, ಎನ್.ಎ. ಆದೇಶದ ನಂಬರ್ ಮತ್ತು ತಾರೀಖು ಅದರಲ್ಲೇ ಇರುತ್ತದೆ.

ನಕ್ಷೆ ಸಿಕ್ಕ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಅದನ್ನು ಹಿಡಿದು ಕಾಲನಿ ಸುತ್ತಿ. ನಕ್ಷೆಯಲ್ಲಿ ಓಪನ್ ಸ್ಪೇಸ್ ಅಂತ ಇರುವ ಕಡೆ ಈಗ ಏನಿದೆ? ಗುಡಿ, ಸಮಾಜಮಂದಿರ, ಜಿಮ್ಮು, ಯಾರದೋ ಕಾರು. ಗುಡಿ ಇದ್ದರೆ ಅದು ಯಾವ ದೇವರದು, ಯಾರು ಮೊದಲು ಕಲ್ಲು ಇಟ್ಟರು ಅಂತ ಕೇಳಿ. ನಕ್ಷೆಯಲ್ಲಿ 9 ಮೀಟರಿನ ರಸ್ತೆ ಇದ್ದು ನಿಜವಾಗಿ ಎರಡು ಸ್ಕೂಟರು ಎದುರುಬದುರು ಹೋಗಲಾಗದಿದ್ದರೆ ಅದೂ ಇತಿಹಾಸವೇ. ಸೊಟ್ಟಗೆ ಹೋಗುವ ಒಂದೇ ಒಂದು ರಸ್ತೆ ಕಂಡರೆ ಅನುಮಾನಪಡಿ. ಉಳಿದದ್ದೆಲ್ಲ ಗೆರೆ ಹಾಕಿದಂತೆ ನೇರ ಇರುವಾಗ ಅದೊಂದು ಸೊಟ್ಟ ಯಾಕೆ? ಹಳೆಯ ಹಳ್ಳ ಇರಬಹುದು, ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿದಾರಿ ಇರಬಹುದು. ಮೋಜಣಿ ಆಫೀಸಿನ ಗಾವ್ ನಕಾಶೆಯ ಜೊತೆ ಹೋಲಿಸಿ ನೋಡಿ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷವರ್ಷ ಓಡಿಸಿ ನೋಡುವ ಸೌಲಭ್ಯ ಇದೆ. ಹಳೆಯವು ಮಸುಕು, ಮನೆ ಕಾಣುವುದಿಲ್ಲ, ಆದರೆ ಹಸಿರು ಹೋಗಿ ಬೂದು ಬಂದ ವರ್ಷ ಕಾಣುತ್ತದೆ.

ಸೊಸೈಟಿಯ ಕಪಾಟು

ಸೊಸೈಟಿಯಾದರೆ ಪ್ರೊಸೀಡಿಂಗ್ ಬುಕ್ಕು ಕೇಳಿ. ಸೆಕ್ರೆಟರಿ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಇಲಿ ತಿಂದು ಮಿಕ್ಕ ಭಾಗ. ನೋಂದಣಿ ನಂಬರ್, ಮೊದಲ ಪ್ರವರ್ತಕರ ಪಟ್ಟಿ, ‘ಆಯ್’ ರಜಿಸ್ಟರಿನಲ್ಲಿ ಸದಸ್ಯರ ವಿವರ. 1960ರ ಮಹಾರಾಷ್ಟ್ರ ಸಹಕಾರ ಕಾಯಿದೆಗಿಂತ ಮೊದಲಿನ ಸೊಸೈಟಿಗಳು 1925ರ ಮುಂಬಯಿ ಕಾಯಿದೆಯ ಕೆಳಗೆ ನೋಂದಾದವು, ಅವುಗಳ ಬೈಲಾ ಬೇರೆ. ಬೈಲಾದಲ್ಲಿ ಯಾರು ಸದಸ್ಯರಾಗಬಹುದು ಅನ್ನುವ ಕಲಂ ತಪ್ಪದೆ ಓದಿ. ಒಂದು ಗಿರಣಿಯ ನೌಕರರು, ಒಂದು ಬ್ಯಾಂಕಿನವರು, ಶಿಕ್ಷಕರು, ಒಂದು ಸಮಾಜದವರು ಅಂತ ಬರೆದಿದ್ದರೆ ನಿಮ್ಮ ಬೀದಿಯಲ್ಲಿ ಒಂದೇ ತರಹದ ಅಡ್ಡಹೆಸರುಗಳು ಯಾಕಿವೆ ಅನ್ನುವುದು ತಿಳಿಯುತ್ತದೆ.

ಸಭೆಯ ನಡಾವಳಿಯಲ್ಲಿ ಠರಾವುಗಳಿಗಿಂತ ಜಗಳಗಳು ಮುಖ್ಯ. ಬೋರ್ ಎಲ್ಲಿ ಹಾಕುವುದು, ಗೇಟ್ ಯಾವ ಕಡೆ, ಬಾಡಿಗೆಗೆ ಯಾರನ್ನು ಇಟ್ಟುಕೊಳ್ಳಬಾರದು. ಕೊನೆಯದನ್ನು ಯಾರೂ ಸ್ಮರಣಿಕೆಯಲ್ಲಿ ಹಾಕುವುದಿಲ್ಲ.

ಕನ್ನಡದವರು ಎಲ್ಲಿಂದ ಬಂದರು ಅಂತ ತಿಳಿಯಬೇಕಾದರೆ ಹತ್ತಿರದ ಹಳೆಯ ಶಾಲೆಗೆ ಹೋಗಿ, ಕನ್ನಡ ಮಾಧ್ಯಮದ್ದಾದರೆ ಇನ್ನೂ ಒಳ್ಳೆಯದು. ಜನರಲ್ ರಜಿಸ್ಟರಿನಲ್ಲಿ ಮಗುವಿನ ಹುಟ್ಟಿದ ಊರು, ಮೊದಲಿನ ಶಾಲೆ ಎಲ್ಲ ಇರುತ್ತದೆ. ಹೆಡ್‌ಮಾಸ್ತರರಿಗೆ ಮೊದಲೇ ಹೇಳಿ, ನಮಗೆ ಹೆಸರುಗಳು ಬೇಡ ಸರ್, ಊರುಗಳ ಲೆಕ್ಕ ಸಾಕು ಅಂತ. ಅಕ್ಕಲಕೋಟೆ, ಮೈಂದರ್ಗಿ, ಇಂಡಿ, ಅಫಜಲಪುರ, ಆಳಂದ, ಯಾವ ಊರಿಂದ ಯಾವ ವರ್ಷ ಜಾಸ್ತಿ ಮಕ್ಕಳು ಬಂದರು ಅಂತ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋದರೆ ಬರಗಾಲದ ವರ್ಷಗಳು ತಾವೇ ಎದ್ದು ಕಾಣುತ್ತವೆ.

ಮಾತಾಡಿಸುವುದು

ಅಜ್ಜಾರ ಮುಂದೆ ಮೊಬೈಲ್ ಇಟ್ಟು ‘ನಿಮ್ಮ ಕಾಲನಿಯ ಇತಿಹಾಸ ಹೇಳಿ’ ಅಂದರೆ ಅವರು ಗಂಟಲು ಸರಿ ಮಾಡಿಕೊಂಡು ಭಾಷಣ ಶುರು ಮಾಡುತ್ತಾರೆ, ಅದೂ ಮರಾಠಿಯಲ್ಲಿ. ಹಾಗೆ ಕೇಳಬೇಡಿ. ಮನೆಯ ಮಾತಿನಲ್ಲೇ, ಒಂದು ಸಣ್ಣ ವಸ್ತುವಿನಿಂದ ಶುರು ಮಾಡಿ. ಮೊದಲ ನಲ್ಲಿ ಎಲ್ಲಿತ್ತು ಕಾಕಾ? ಸಂಡಾಸಕ್ಕೆ ಎಲ್ಲಿ ಹೋಗುತ್ತಿದ್ದಿರಿ? ಲೈಟು ಬಂದ ದಿನ ಯಾರ ಮನೆಯಲ್ಲಿ ಸೇರಿದ್ದಿರಿ?

ಇಸವಿ ಕೇಳಿದರೆ ತಪ್ಪು ಹೇಳುತ್ತಾರೆ, ಅದು ಅವರ ತಪ್ಪಲ್ಲ, ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಘಟನೆಯ ಆಚೆಗೋ ಈಚೆಗೋ ಅಂತ ಕೇಳಿ. ನಮ್ಮ ಕಡೆ ಎರಡು ಗಟ್ಟಿ ಗೂಟಗಳಿವೆ. ಒಂದು 1972ರ ದುಷ್ಕಾಳ. ಇನ್ನೊಂದು ಕಿಲ್ಲಾರಿ ಭೂಕಂಪ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ ಹೊತ್ತಿಗೆ ಆದದ್ದು. ‘ಭೂಕಂಪ ಆದಾಗ ಇದೇ ಮನೆಯಲ್ಲಿದ್ದಿರಾ? ಮೇಲೆ ಸ್ಲ್ಯಾಬ್ ಇತ್ತೋ ಪತ್ರಾ ಇತ್ತೋ? ಹೊರಗೆ ಓಡಿ ಬಂದಾಗ ಎದುರು ಮನೆ ಇತ್ತಾ?’ ಇಷ್ಟು ಕೇಳಿದರೆ ಸಾಕು, ಆ ರಾತ್ರಿಯ ಇಡೀ ಬೀದಿಯ ನಕ್ಷೆ ಹೇಳುತ್ತಾರೆ. ವರ್ಷದೊಳಗಿನ ತಿಂಗಳು ಬೇಕಾದರೆ ಸಿದ್ಧೇಶ್ವರನ ಗಡ್ಡಾ ಯಾತ್ರೆಗಿಂತ ಮೊದಲೋ ಆಮೇಲೋ ಅಂತ ಕೇಳಿ, ಅದು ಸಂಕ್ರಾಂತಿಗೆ ಗಟ್ಟಿಯಾಗಿ ಕೂತಿದೆ.

ನೀರಿನ ಪ್ರಶ್ನೆಯನ್ನು ಹೆಂಗಸರಿಗೇ ಕೇಳಿ. ಎಷ್ಟು ದೂರದಿಂದ ಕೊಡ ತರುತ್ತಿದ್ದರು, ಟ್ಯಾಂಕರ್ ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತು, ಯಾರು ಪಾಳಿ ತಪ್ಪಿಸುತ್ತಿದ್ದರು, ಇದೆಲ್ಲ ಗಂಡಸರಿಗೆ ಗೊತ್ತೇ ಇರುವುದಿಲ್ಲ. ಬ್ರಿಟಿಷರ ಕಾಲದ ಎಕ್ರುಖ ಕೆರೆ, ಅಂದರೆ ನಮ್ಮ ಹಿಪ್ಪರಗಾ ತಲಾವು, ಆಮೇಲೆ 1980ರಲ್ಲಿ ಮುಗಿದ ಉಜನಿ ಧರಣ, ಇವೆರಡರ ಕಥೆ ಕೊನೆಗೆ ನಿಮ್ಮ ಓಣಿಯ ನಲ್ಲಿಯಲ್ಲೇ ಬಂದು ಸೇರುತ್ತದೆ. ಕೆಲವು ಕಡೆ ಸೇರಿಲ್ಲ, ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಘರ್ಕುಲದಲ್ಲಿ ಮಾತಾಡಿಸುವಾಗ ಬೀಡಿ ಸುತ್ತುವ ಕೈ ನಿಲ್ಲಿಸಬೇಡಿ. ಸಾವಿರ ಬೀಡಿಗೆ ಕೂಲಿ ಲೆಕ್ಕ, ನಿಮ್ಮ ಒಂದು ಗಂಟೆಯ ಸಂದರ್ಶನ ಅವರ ಅಷ್ಟು ಬೀಡಿಯನ್ನು ತಿನ್ನುತ್ತದೆ. ಪಕ್ಕ ಕೂತು ಮಾತಾಡಿ. ಊರೊಳಗಿನ ಬಾಡಿಗೆ ಮನೆ ಬಿಟ್ಟು ಅಷ್ಟು ದೂರ ಬಂದಾಗ ಎಲೆ, ತಂಬಾಕು ತರಲಿಕ್ಕೆ ಹೇಗೆ ಹೋಗುತ್ತಿದ್ದರು, ಮನೆಯ ಪಾಲಿನ ಹಣವನ್ನು ಎಷ್ಟೆಷ್ಟು ಕಂತಿನಲ್ಲಿ ಕಟ್ಟಿದರು, ಮನೆ ಯಾರ ಹೆಸರಿನಲ್ಲಿದೆ, ಇವು ಕೇಳಬೇಕಾದ ಪ್ರಶ್ನೆಗಳು. ಕಂತಿನ ಪಾವತಿಗಳನ್ನು ಹೆಚ್ಚಿನವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಫೋಟೊ ಹಿಂದೆ ಇಟ್ಟಿರುತ್ತಾರೆ. ಫೋಟೊ ತೆಗೆದುಕೊಳ್ಳಲೇ ಅಂತ ಕೇಳಿ, ಒಯ್ಯಬೇಡಿ.

ಬರೆಯುವಾಗ

ಕಾಗದ ಒಂದು ಹೇಳುತ್ತದೆ, ಅಜ್ಜಿ ಒಂದು ಹೇಳುತ್ತಾರೆ. ಎರಡನ್ನೂ ಬರೆಯಿರಿ. ಎನ್.ಎ. ಆದೇಶ 1986 ಅನ್ನುತ್ತದೆ, ಅಜ್ಜಿ ತಮ್ಮ ಮಗಳು ಅಲ್ಲೇ 1983ರಲ್ಲಿ ಹುಟ್ಟಿದಳು ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಅಜ್ಜಿ ತಪ್ಪು ಅಂತ ಹೊಡೆದು ಹಾಕಬೇಡಿ. ಪರವಾನಗಿಗಿಂತ ಮೊದಲೇ ಜನ ಬಂದು ಕೂತಿರುವುದು ಈ ಊರಿನಲ್ಲಿ ದೊಡ್ಡ ಆಶ್ಚರ್ಯವೇನಲ್ಲ.

ಊರಿನ ದೊಡ್ಡ ಇತಿಹಾಸವನ್ನು ಮೊದಲ ಹತ್ತು ಪುಟದಲ್ಲಿ ತುಂಬಬೇಡಿ. ಸಿದ್ಧರಾಮರ ಸೊನ್ನಲಿಗೆಯಿಂದ ಶುರು ಮಾಡಿ, 1930ರ ಮಾರ್ಶಲ್ ಲಾ, ನಾಲ್ವರು ಹುತಾತ್ಮರು ಅಂತ ಬಂದು ಕಾಲನಿಗೆ ಮುಟ್ಟುವ ಹೊತ್ತಿಗೆ ಓದುವವರು ಮಲಗಿರುತ್ತಾರೆ. ಅದೆಲ್ಲ 1884ರ ಹಳೆಯ ಗ್ಯಾಝೆಟಿಯರ್ ಮತ್ತು ಈಚಿನ ಜಿಲ್ಲಾ ಗ್ಯಾಝೆಟಿಯರ್‌ನಲ್ಲಿ ಇದ್ದೇ ಇದೆ. ಗಡಿಯ ವಿಷಯವೂ ಹಾಗೆಯೇ. ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆ ತಾಲೂಕು ಪೂರ್ತಿ ಮತ್ತು ದಕ್ಷಿಣ ಸೊಲ್ಲಾಪುರದ 65 ಹಳ್ಳಿಗಳು ಕರ್ನಾಟಕಕ್ಕೆ ಅಂದಿತು, ಅದು ಜಾರಿಯಾಗಲಿಲ್ಲ. ನಿಮ್ಮ ಕಾಲನಿಗೆ ಅದರಿಂದ ನಿಜವಾಗಿ ಏನಾದರೂ ಆಗಿದ್ದರೆ ಬರೆಯಿರಿ, ಇಲ್ಲದಿದ್ದರೆ ಒಂದು ಸಾಲು ಸಾಕು. ಬೇಕೆಂದೇ ಜಗಳ ಕರೆದುಕೊಂಡು ಬರುವುದು ಯಾಕೆ?

ಹೆಸರುಗಳ ವಿಷಯದಲ್ಲಿ ಹುಷಾರು. ಫೇರ್‌ಫಾರ್‌ನಲ್ಲಿ ಇರುವ ಹೆಸರು ಸರ್ಕಾರಿ ದಾಖಲೆಯೇ ಆದರೂ ಯಾರ ಅಪ್ಪ ಯಾರಿಗೆ ಸಾಲಕ್ಕೆ ಹೊಲ ಬರೆದುಕೊಟ್ಟರು ಅಂತ ಅಚ್ಚು ಹಾಕುವ ಮುಂಚೆ ಆ ಮನೆಯವರ ಹತ್ತಿರ ಹೋಗಿ ಓದಿ ತೋರಿಸಿ. ಬೇಡ ಅಂದರೆ ‘ಒಬ್ಬ ರೈತರು’ ಅಂತ ಬರೆಯಿರಿ. ಸೆಟ್ಲ್‌ಮೆಂಟಿನವರ ವಿಷಯದಲ್ಲಂತೂ ಅವರು ಒಪ್ಪದೆ ಒಂದು ಹೆಸರೂ ಬೇಡ.

ಬರೆದಾದ ಮೇಲೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಪ್ರತಿ ಮಾಡಿಸಿ. ಪೂರ್ವ ಭಾಗದ ಕಾಲನಿಯಾದರೆ ತೆಲುಗಿನವರಿಗೆ ಓದಿ ಹೇಳಿ, ಅವರು ತಿದ್ದುವುದು ಬಹಳ ಇರುತ್ತದೆ. ನಕಲು ಮಾಡಿಸಿದ ಪ್ರತಿ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಕಚೇರಿ, ಪುಸ್ತಕ, ಪುಟ, ತಂದ ತಾರೀಖು ಬರೆದು ಒಂದು ಫೈಲಿನಲ್ಲಿ ಹಾಕಿ. ಆ ಫೈಲಿನ ಒಂದು ಸೆಟ್ ಸೊಸೈಟಿಯಲ್ಲಿ ಇರಲಿ, ಇನ್ನೊಂದನ್ನು ಹಿರಾಚಂದ ನೇಮಚಂದ ವಾಚನಾಲಯದಂಥ ಒಂದು ಹಳೆಯ ಗ್ರಂಥಾಲಯದವರು ಇಟ್ಟುಕೊಳ್ಳುತ್ತಾರೆಯೇ ಕೇಳಿ. ಸೆಕ್ರೆಟರಿ ಮನೆಯ ಅಟ್ಟಕ್ಕೆ ಮಾತ್ರ ಕಳಿಸಬೇಡಿ.